ಬೆಳ್ಳಿಯೂ ಬೇವೂ

ನಮ್ಮ ಶಾಲೆಯ ರಸಾಯನಶಾಸ್ತ್ರದ ಕೊಠಡಿಯಲ್ಲಿ ಪಾಠ ಕೇಳಿ ಹೋದ ಹಳೆಯ ವಿದ್ಯಾರ್ಥಿನಿಯರು ಅಲ್ಲಿನ ಸಮೀಕರಣಗಳನ್ನು ಮರೆತಿರಬಹುದು. ಸಿಲ್ವರ್ ನೈಟ್ರೇಟಿನ ಕಂದುಬಣ್ಣದ ಶೀಸೆಯನ್ನು ಮಾತ್ರ ಮರೆತಿರಲಾರರು. ಉಪ್ಪು ಕರಗಿದ ನೀರಿಗೆ ಅದರ ಎರಡು ಹನಿಗಳನ್ನು ಬಿಟ್ಟೊಡನೆ ಮೊಸರಿನಂತಹ ಬಿಳಿಯ ಪದಾರ್ಥವು ತಳಕ್ಕಿಳಿಯುತ್ತಿದ್ದಿತು. ಅಜಾಗರೂಕತೆಯಿಂದ ಒಂದು ಹನಿಯು ಬೆರಳಿಗೆ ತಗುಲಿದರೆ ಆಗ ಏನೂ ಕಾಣುತ್ತಿರಲಿಲ್ಲ. ಸಂಜೆ ಮನೆ ಸೇರುವಷ್ಟರಲ್ಲಿ ಅದು ಕರಿಯ ಕಲೆಯಾಗಿ ನಿಲ್ಲುತ್ತಿದ್ದಿತು. ಆ ಕಲೆಯು ಸಾಬೂನಿಗೂ ಬಗ್ಗದೆ, ಹುಣಿಸೆಹಣ್ಣಿಗೂ ಬಗ್ಗದೆ, ಮೇಲಣ ಚರ್ಮವು ಸವೆದು ಹೊಸದು ಬರುವವರೆಗೆ ಉಳಿಯುತ್ತಿದ್ದಿತು. ಅದನ್ನು ಕಂಡು ಗಾಬರಿಗೊಂಡ ತಾಯಂದಿರು ಈ ಸಂಚಿಕೆಯ ವಾಚಕರಲ್ಲಿಯೂ ಕೆಲವರಿರಬಹುದು.

ಆ ಕಲೆಯಾದರೋ ಬೇರೇನೂ ಅಲ್ಲ, ಬೆಳ್ಳಿಯೇ. ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿದ್ದ ಬೆಳ್ಳಿಯ ಅಯಾನುಗಳು, ಬೆಳಕಿನ ಪ್ರಭಾವದಿಂದಲೂ ಚರ್ಮದಲ್ಲಿರುವ ಪದಾರ್ಥಗಳ ಸಂಪರ್ಕದಿಂದಲೂ ಅಪಕರ್ಷಣ ಹೊಂದಿ, ಅತಿ ಸಣ್ಣ ಲೋಹಕಣಗಳಾಗಿ ಅಲ್ಲಿಯೇ ನೆಲಸುವುವು. ಇದೇ ಕಾರ್ಯವನ್ನು ಬೆರಳಿನ ಚರ್ಮಕ್ಕೆ ಬದಲಾಗಿ ಬೇವಿನ ಎಲೆಯ ಕಷಾಯದಿಂದ ಮಾಡಿಸಿ, ಹುಟ್ಟಿದ ಕಣಗಳು ರೋಗಾಣುಗಳನ್ನು ನಾಶಮಾಡುವುವೋ ಇಲ್ಲವೋ ಎಂದು ನೋಡುವ ಸಂಶೋಧನೆಯು ಈ ಶತಮಾನದಲ್ಲಿ ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ಬಹಳವಾಗಿ ನಡೆದಿದೆ. ಆ ಸಂಶೋಧನೆಯ ರೀತಿಯನ್ನು ನಾವು ಇಲ್ಲಿ ಕ್ರಮವಾಗಿ ವಿವರಿಸುವೆವು. ಜೊತೆಗೆ, ರೋಗಾಣುವನ್ನು ಕೊಲ್ಲುವ ಪದಾರ್ಥವೆಲ್ಲವೂ ಔಷಧವೆನಿಸಬಲ್ಲುದೇ ಎಂಬ ಪ್ರಶ್ನೆಯನ್ನೂ ವಿಚಾರಿಸುವೆವು. ಮಕ್ಕಳನ್ನು ಸಾಕುವವರಿಗೆ ಈ ಪ್ರಶ್ನೆಯು ಪುಸ್ತಕದ ಪ್ರಶ್ನೆ ಮಾತ್ರವಲ್ಲ.

೧. ಬೆಳ್ಳಿಯ ಹಳೆಯ ಕೀರ್ತಿ

ಹಸುಳೆಗೆ ಬೆಳ್ಳಿಯ ಒಳಲೆಯಲ್ಲಿ ಹಾಲೆರೆಯುವುದು, ಕುಡಿಯುವ ನೀರನ್ನು ಬೆಳ್ಳಿಯ ಚೆಂಬಿನಲ್ಲಿಡುವುದು, ಇವು ನಮ್ಮ ಮನೆಗಳಲ್ಲಿ ಅನುಕೂಲವುಳ್ಳವರ ಹಳೆಯ ವಾಡಿಕೆ. ಇದರಲ್ಲಿ ಅಲಂಕಾರದ ಆಸೆಯೂ ಇದ್ದಿತೆನ್ನಬೇಕು. ಆದರೂ ಬೆಳ್ಳಿಗೆ ಸೂಕ್ಷ್ಮಜೀವಿಗಳನ್ನು ಅಡಗಿಸುವ ಗುಣವುಂಟೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಯೋಗಗಳಿಂದ ಸಿದ್ಧವಾಯಿತು.

ಇದರ ಅತ್ಯುತ್ತಮವಾದ ನಿದರ್ಶನವು ಜರ್ಮನಿಯ ಲೈಪ್‌ಜಿಗ್ ನಗರದ ಹೆರಿಗೆ ಆಸ್ಪತ್ರೆಯಲ್ಲಿ ದೊರೆತುದು. ಆ ಕಾಲದಲ್ಲಿ ಹೆರಿಗೆಯ ಸಮಯದಲ್ಲಿ ತಾಯಿಯಿಂದ ಶಿಶುವಿನ ಕಣ್ಣಿಗೆ ರೋಗಾಣುಗಳು ತಗುಲಿ, ಕಣ್ಣು ಕೀವುಗಟ್ಟಿ, ಎಷ್ಟೋ ಮಕ್ಕಳು ಲೋಕವನ್ನು ನೋಡುವುದಕ್ಕೆ ಮುಂಚೆಯೇ ಕುರುಡರಾಗುತ್ತಿದ್ದರು. ಆ ಆಸ್ಪತ್ರೆಯ ಮುಖ್ಯ ವೈದ್ಯರಾದ ಕಾರ್ಲ್ ಕ್ರೆಡೆ ಎಂಬುವರು ೧೮೮೦ರಲ್ಲಿ, ಹುಟ್ಟಿದ ಪ್ರತಿಯೊಂದು ಮಗುವಿನ ಕಣ್ಣಿಗೂ ನೂರಕ್ಕೆ ಎರಡು ಪಾಲು ಸಿಲ್ವರ್ ನೈಟ್ರೇಟ್ ಇರುವ ದ್ರಾವಣದ ಒಂದೊಂದು ತೊಟ್ಟನ್ನು ಬಿಡುವ ಪದ್ಧತಿಯನ್ನು ಆರಂಭಿಸಿದರು. ನೂರು ಶಿಶುಗಳಲ್ಲಿ ಸುಮಾರು ಹತ್ತಕ್ಕೆ ಬರುತ್ತಿದ್ದ ಆ ಬೇನೆಯು ನೂರಕ್ಕೆ ಒಂದಕ್ಕಿಂತಲೂ ಕಡಿಮೆಗೆ ಇಳಿಯಿತು. ನಮ್ಮ ಹುಡುಗಿಯರ ಬೆರಳನ್ನು ಕರಿದುಮಾಡಿದ ಆ ಶೀಸೆಯ ವಸ್ತುವೇ ಸಹಸ್ರಾರು ಮಕ್ಕಳಿಗೆ ದೃಷ್ಟಿಯನ್ನು ಉಳಿಸಿಕೊಟ್ಟುದು. ಮುಂದೆ ಪ್ರತಿಜೈವಿಕ ಔಷಧಗಳು ಬಂದ ಮೇಲೆ ಆ ತೊಟ್ಟಿನ ಸ್ಥಾನವನ್ನು ಬಹುಮಟ್ಟಿಗೆ ಅವುಗಳ ಮುಲಾಮುಗಳು ಪಡೆದುವು. ಸುಟ್ಟಗಾಯಗಳಿಗೆ ಹಚ್ಚುವ ಸಿಲ್ವರ್ ಸಲ್ಫಡಯಜೀನ್ ಎಂಬ ಬಿಳಿಯ ಮುಲಾಮು ೧೯೬೮ರಲ್ಲಿ ಬಳಕೆಗೆ ಬಂದು, ಬೆಳ್ಳಿಯ ಕೀರ್ತಿಯನ್ನು ಇಂದಿನವರೆಗೂ ಉಳಿಸಿದೆ.

೨. ಸಣ್ಣದಾದಷ್ಟೂ ಮೈ ಹೆಚ್ಚು

ನ್ಯಾನೊ ಕಣವೆಂದರೇನು? ಒಂದು ಮೀಟರನ್ನು ನೂರು ಕೋಟಿ ಭಾಗಗಳಾಗಿ ಮಾಡಿದರೆ ಒಂದು ಭಾಗವು ಒಂದು ನ್ಯಾನೊಮೀಟರ್. ತಲೆಗೂದಲಿನ ದಪ್ಪವು ಸುಮಾರು ೮೦,೦೦೦ ನ್ಯಾನೊಮೀಟರ್. ನಮ್ಮ ಕರುಳಿನಲ್ಲಿ ವಾಸಿಸುವ ಸಾಮಾನ್ಯವಾದ ಒಂದು ಬ್ಯಾಕ್ಟೀರಿಯದ ಉದ್ದವು ಸುಮಾರು ೨,೦೦೦ ನ್ಯಾನೊಮೀಟರ್. ೧೦೦ ನ್ಯಾನೊಮೀಟರಿಗಿಂತ ಕಡಿಮೆ ಅಳತೆಯ ಕಣಗಳಿಗೆ ನ್ಯಾನೊ ಕಣಗಳೆಂದು ಹೆಸರು. ಎಂದರೆ, ಆನೆಯ ಮೈಮೇಲೆ ಕುಳಿತ ನೊಣದಂತೆ, ರೋಗಾಣುವಿನ ಮೈಮೇಲೆ ಇಂತಹ ಎಷ್ಟೋ ಕಣಗಳು ಕುಳಿತುಕೊಳ್ಳಬಲ್ಲುವು.

ಸಣ್ಣದು ಮಾಡುವುದರಿಂದ ಬರುವ ಲಾಭವೇನೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಒಂದು ಸೆಂಟಿಮೀಟರ್ ಅಂಚಿರುವ ಬೆಳ್ಳಿಯ ಘನವನ್ನು ತೆಗೆದುಕೊಳ್ಳಿರಿ. ಅದರ ಆರು ಮುಖಗಳ ಒಟ್ಟು ವಿಸ್ತಾರವು ೬ ಚದರ ಸೆಂಟಿಮೀಟರ್. ಅದೇ ಬೆಳ್ಳಿಯನ್ನು, ಒಂದು ಚೂರೂ ನಷ್ಟವಾಗದಂತೆ, ೧೦ ನ್ಯಾನೊಮೀಟರ್ ಅಂಚಿನ ಘನಗಳಾಗಿ ಕತ್ತರಿಸಿದೆವೆಂದು ಭಾವಿಸೋಣ. ಆಗ ಅವೆಲ್ಲವುಗಳ ಮುಖಗಳ ಒಟ್ಟು ವಿಸ್ತಾರವು ೬೦೦ ಚದರ ಮೀಟರ್ ಆಗುವುದು! ನಮ್ಮ ಹುಡುಗಿಯರು ಆಡುವ ತ್ರೋಬಾಲ್ ಅಂಗಳಗಳು ಎರಡೂವರೆಗೂ ಮಿಕ್ಕಿ ಅದರಲ್ಲಿ ಹಿಡಿಸುವುವು. ಬೆಳ್ಳಿಯ ತೂಕವು ಹೆಚ್ಚಲಿಲ್ಲ. ನೀರಿಗೂ ಗಾಳಿಗೂ ಒಡ್ಡಿದ ಮೈ ಹೆಚ್ಚಿತು. ರೋಗಾಣುವಿಗೆ ಮಾರಕವಾದ ಬೆಳ್ಳಿಯ ಅಯಾನುಗಳು ಹೊರಡುವುದು ಈ ಮೈಯಿಂದಲೇ. ಆದುದರಿಂದ ಅಲ್ಪ ಬೆಳ್ಳಿಯಿಂದ ಅಧಿಕ ಕಾರ್ಯವಾಗುವುದೆಂಬ ಆಶೆಯು ವಿಜ್ಞಾನಿಗಳಿಗೆ ಹುಟ್ಟಿತು.

೩. ಎಲೆಯು ಮಾಡುವ ಕೆಲಸ

ಇಂತಹ ಕಣಗಳನ್ನು ಕತ್ತಿಯಿಂದ ಕತ್ತರಿಸಿ ಮಾಡಲಾಗದು. ಕರಗಿದ ಬೆಳ್ಳಿಯನ್ನು ಅಪಕರ್ಷಣದಿಂದ ಮತ್ತೆ ಲೋಹವಾಗಿಸಿ ಪಡೆಯಬೇಕು. ಸೋಡಿಯಂ ಬೋರೋಹೈಡ್ರೈಡ್ ಮುಂತಾದ ತೀಕ್ಷ್ಣ ರಾಸಾಯನಿಕಗಳು ಇದಕ್ಕೆ ಬಳಕೆಯಲ್ಲಿವೆ. ಇವುಗಳಿಗೆ ಬದಲಾಗಿ ಜೀವಜಗತ್ತಿನ ಸೌಮ್ಯ ಪದಾರ್ಥಗಳನ್ನು ಉಪಯೋಗಿಸಬಹುದೇ ಎಂದು ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ ಡಾಕ್ಟರ್ ಮುರಳಿ ಶಾಸ್ತ್ರಿಗಳೂ ಅವರ ಸಹೋದ್ಯೋಗಿಗಳೂ ಶೋಧಿಸಿದರು. ಅವರು ಮೊದಲು ಬೂಷ್ಟುಗಳಿಂದ ಈ ಕೆಲಸವನ್ನು ಮಾಡಿಸಿದರು. ಅದು ನಿಧಾನವಾಗಿ ಸಾಗುವ ಕೆಲಸವಾಗಿದ್ದಿತು. ತರುವಾಯ ೨೦೦೩ರಲ್ಲಿ ಜಿರೇನಿಯಂ ಎಲೆಯಿಂದಲೂ, ೨೦೦೪ರಲ್ಲಿ ಬೇವಿನ ಎಲೆಯಿಂದಲೂ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಬೂಷ್ಟಿಗಿಂತ ಬೇವು ಬಹಳ ಶೀಘ್ರವಾಗಿ ಕೆಲಸ ಮಾಡುವುದೆಂದು ಅವರು ಕಂಡರು. ಮಜ್ಜಿಗೆಹುಲ್ಲಿನ ಕಷಾಯದಿಂದ ಮುಮ್ಮೂಲೆಯ ಬಂಗಾರದ ಕಣಗಳನ್ನು ಪಡೆದುದೂ ಅದೇ ವರ್ಷದಲ್ಲಿ.

ಪ್ರಯೋಗದ ಕ್ರಮವು ಅಡುಗೆಮನೆಯ ಕೆಲಸದಷ್ಟೇ ಸುಲಭವಾಗಿ ತೋರುವುದು. ಎಲೆಗಳನ್ನು ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ, ಬಟ್ಟಿಯಿಳಿಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಕುದಿಸಿ ಸೋಸುವರು. ಸಿಲ್ವರ್ ನೈಟ್ರೇಟಿನ ಬಹು ತೆಳುವಾದ ದ್ರಾವಣಕ್ಕೆ ಆ ಕಷಾಯವನ್ನು ಬೆರಸುವರು. ದ್ರಾವಣದ ಬಣ್ಣವು ಹಳದಿಗೆ ತಿರುಗಿ, ಬರಬರುತ್ತಾ ಗಾಢವಾದ ಕಂದಾಗುವುದು. ಹೊಳೆಯುವ ಬಿಳುಪಿನ ಬೆಳ್ಳಿಗೆ ಈ ಬಣ್ಣವೆಲ್ಲಿಯದು? ಕಣವು ಅಷ್ಟು ಕಿರಿದಾದಾಗ ಅದರ ಎಲೆಕ್ಟ್ರಾನುಗಳು ಬೆಳಕಿನ ಅಲೆಯೊಡನೆ ಒಟ್ಟಾಗಿ ತೂಗಾಡಿ ನೀಲಿ ಮತ್ತು ನೇರಿಳೆಯ ಭಾಗವನ್ನು ಹೀರಿಕೊಳ್ಳುವುವು. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುವುದು. ಬಣ್ಣವನ್ನು ನೋಡಿ ತೃಪ್ತಿಪಡದೆ, ಕಣಗಳ ಆಕಾರವನ್ನೂ ಅಳತೆಯನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಮೇಲೆಯೇ ವಿಜ್ಞಾನಿಗಳು ಮುಂದಕ್ಕೆ ಹೋಗುವರು.

ಎಲೆಯಲ್ಲಿರುವ ಯಾವ ವಸ್ತುವಿನಿಂದ ಇದು ನಡೆಯುವುದು? ಬೇವಿನ ವಿಷಯದಲ್ಲಿ ಸಕ್ಕರೆಯ ಜಾತಿಯ ಪದಾರ್ಥಗಳೂ ಟರ್ಪಿನಾಯ್ಡ್ ಎಂಬ ವರ್ಗದ ಪದಾರ್ಥಗಳೂ ಇದಕ್ಕೆ ಕಾರಣವಾಗಿರಬಹುದೆಂದು ಊಹಿಸಿರುವರು. ಇತರ ಸಸ್ಯಗಳಲ್ಲಿ ಫ್ಲೇವನಾಯ್ಡುಗಳನ್ನೂ ಟ್ಯಾನಿನ್‌ಗಳನ್ನೂ ಹೆಸರಿಸುವರು. ಇವು ಎರಡು ಕೆಲಸಗಳನ್ನು ಮಾಡುವುವು. ಮೊದಲನೆಯದಾಗಿ, ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನನ್ನು ಕೊಟ್ಟು ಅದನ್ನು ಲೋಹವಾಗಿಸುವುವು. ಎರಡನೆಯದಾಗಿ, ಹುಟ್ಟಿದ ಕಣವನ್ನು ಸುತ್ತಲೂ ಹೊದೆದು, ಒಂದು ಕಣವು ಇನ್ನೊಂದಕ್ಕೆ ಅಂಟಿ ಗಡ್ಡೆಕಟ್ಟದಂತೆ ಕಾಪಾಡುವುವು. ತಾಯಿಯು ಮಗುವನ್ನು ಹೆತ್ತು ಬಟ್ಟೆಯಲ್ಲಿ ಸುತ್ತುವಂತೆ, ಎಲೆಯು ಕಣವನ್ನು ಹುಟ್ಟಿಸಿ ಹೊದಿಸುವುದೆಂದು ಹೇಳಬಹುದು.

ಆದರೆ ಒಂದು ತೊಡಕುಂಟು. ಚಿಗುರೆಲೆಯ ರಸವು ಬಲಿತ ಎಲೆಯ ರಸದಂತಿರದು. ಮಳೆಗಾಲದ ಎಲೆಯು ಬೇಸಗೆಯ ಎಲೆಯಂತಿರದು. ಮಣ್ಣು ಬೇರೆಯಾದರೆ ಗುಣವೂ ಬೇರೆಯಾಗುವುದು. ಆದುದರಿಂದ ಒಂದು ಕಡೆಯಲ್ಲಿ ದೊರೆತ ಕಣಗಳೇ ಇನ್ನೊಂದು ಕಡೆಯಲ್ಲಿಯೂ ದೊರೆಯುವುವೆಂಬ ಭರವಸೆಯಿಲ್ಲ. ಔಷಧವಾಗತಕ್ಕ ವಸ್ತುವಾದರೋ ಪ್ರತಿಸಲವೂ ಒಂದೇ ಬಗೆಯಾಗಿರಬೇಕಷ್ಟೆ.

೪. ತಟ್ಟೆಯ ಸಾಕ್ಷ್ಯ

ಕಣಗಳು ರೋಗಾಣುವನ್ನು ಕೊಲ್ಲುವುವೇ ಎಂಬುದನ್ನು ತಿಳಿಯುವ ಬಗೆ ಹೀಗೆ. ಮುಚ್ಚಳವುಳ್ಳ ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಪಾಚಿಯ ಅಂಟಿನಿಂದ ಪೋಷಕ ಪದಾರ್ಥವನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಬ್ಯಾಕ್ಟೀರಿಯಗಳನ್ನು ಸಮನಾಗಿ ಹರಡುವರು. ಪರೀಕ್ಷಿಸಬೇಕಾದ ದ್ರವದಲ್ಲಿ ನೆನೆಸಿದ ಕಾಗದದ ಸಣ್ಣ ಬಿಲ್ಲೆಯನ್ನು ನಡುವೆ ಇಟ್ಟು, ಮೈಶಾಖದಷ್ಟು ಬೆಚ್ಚಗೆ ಒಂದು ರಾತ್ರಿ ಇಡುವರು. ಬೆಳಗಾಗುವಾಗ ತಟ್ಟೆಯು ಬ್ಯಾಕ್ಟೀರಿಯಗಳಿಂದ ಮಬ್ಬಾಗಿರುವುದು. ಬಿಲ್ಲೆಯ ಸುತ್ತ ಮಾತ್ರ, ಆ ದ್ರವಕ್ಕೆ ಶಕ್ತಿಯಿದ್ದರೆ, ಚಂದ್ರನ ಸುತ್ತಣ ಪರಿವೇಷದಂತೆ ತಿಳಿಯಾದ ಒಂದು ಉಂಗುರವು ಕಾಣುವುದು.

ಈ ಉಂಗುರವು ಬಹು ಮನೋಹರವಾದುದು, ಆದುದರಿಂದಲೇ ಮೋಸಗೊಳಿಸತಕ್ಕುದು. ಒಂದೇ ಬಿಲ್ಲೆಯನ್ನಿಟ್ಟು ಉಂಗುರವನ್ನು ಕಂಡು ಹಿಗ್ಗುವವರು ವಿಜ್ಞಾನಿಗಳಲ್ಲ. ಬರಿಯ ಬೇವಿನ ಕಷಾಯದ ಬಿಲ್ಲೆ, ಬರಿಯ ಸಿಲ್ವರ್ ನೈಟ್ರೇಟಿನ ಬಿಲ್ಲೆ, ಪ್ರಸಿದ್ಧವಾದ ಒಂದು ಪ್ರತಿಜೈವಿಕದ ಬಿಲ್ಲೆ, ಬರಿಯ ನೀರಿನ ಬಿಲ್ಲೆ, ಇವೆಲ್ಲವನ್ನೂ ಕಣಗಳ ಬಿಲ್ಲೆಯ ಜೊತೆಗೆ ಇಡಬೇಕು. ಇಲ್ಲವಾದರೆ, ಅಪಕರ್ಷಣ ಹೊಂದದೆ ಉಳಿದ ಸಿಲ್ವರ್ ನೈಟ್ರೇಟು ಮಾಡಿದ ಕೆಲಸದ ಕೀರ್ತಿಯು ಬೇವಿಗೆ ಹೋದೀತು. ಮತ್ತು ಉಂಗುರದ ಅಗಲವು ವಸ್ತುವಿನ ಬಲವನ್ನು ಮಾತ್ರವಲ್ಲದೆ, ಅದು ಅಗರಿನಲ್ಲಿ ಎಷ್ಟು ಸುಲಭವಾಗಿ ಹರಡುವುದೆಂಬುದನ್ನೂ ಅವಲಂಬಿಸಿದೆ. ಆದುದರಿಂದ ನಳಿಗೆಗಳಲ್ಲಿ ವಸ್ತುವನ್ನು ಅರ್ಧರ್ಧವಾಗಿ ತೆಳುಮಾಡುತ್ತ ಹೋಗಿ, ಬ್ಯಾಕ್ಟೀರಿಯದ ಬೆಳವಣಿಗೆಯನ್ನು ತಡೆಯುವ ಅತ್ಯಲ್ಪ ಪ್ರಮಾಣವನ್ನು ಕಂಡುಹಿಡಿಯುವರು.

ಕೊಲ್ಲುವುದು ಕಣವೇ, ಅಥವಾ ಅದರಿಂದ ಹೊರಟ ಅಯಾನೇ? ಈ ಪ್ರಶ್ನೆಗೆ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ೨೦೧೨ರಲ್ಲಿ ಬಹು ಸರಳವಾದ ಉತ್ತರವನ್ನು ಕೊಟ್ಟರು. ಬೆಳ್ಳಿಯ ಕಣದಿಂದ ಅಯಾನು ಹೊರಡಬೇಕಾದರೆ ಆಮ್ಲಜನಕವಿರಬೇಕು. ಅವರು ಆಮ್ಲಜನಕವಿಲ್ಲದೆಯೂ ಬದುಕಬಲ್ಲ ಬ್ಯಾಕ್ಟೀರಿಯವನ್ನು ತೆಗೆದುಕೊಂಡು, ಗಾಳಿಯನ್ನು ಪೂರ್ಣವಾಗಿ ಹೊರಗಿಟ್ಟು ಪ್ರಯೋಗವನ್ನು ನಡಸಿದರು. ಆಗ ಕಣಗಳು ಸುತ್ತಲೂ ತುಂಬಿದ್ದರೂ ಬ್ಯಾಕ್ಟೀರಿಯಕ್ಕೆ ಹಾನಿಯಾಗಲಿಲ್ಲ. ಕೊಲೆಗಾರನು ಅಯಾನು, ಕಣವು ಅದರ ಉಗ್ರಾಣ ಎಂದು ಇದರಿಂದ ಅವರು ತೀರ್ಮಾನಿಸಿದರು. ಅನುಮಾನವನ್ನು ಹೀಗೆ ಪ್ರಯೋಗದಿಂದಲೇ ಬಗೆಹರಿಸುವುದು ನಮ್ಮ ಹುಡುಗಿಯರು ಕಲಿಯತಕ್ಕ ವಿದ್ಯೆ.

೫. ರೋಗಾಣುವಿನ ಉಪಾಯ

ಇಷ್ಟೆಲ್ಲ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಪೆನಿಸಿಲಿನ್ ಮೊದಲಾದ ಪ್ರತಿಜೈವಿಕಗಳು ನಮ್ಮಲ್ಲಿಲ್ಲವೇ? ಇವೆ, ಆದರೆ ಅನೇಕ ರೋಗಾಣುಗಳು ಈಗ ಅವುಗಳಿಗೆ ಬಗ್ಗುತ್ತಿಲ್ಲ. ೨೦೧೯ನೆಯ ಒಂದೇ ವರ್ಷದಲ್ಲಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳ ನೇರವಾದ ಕಾರಣದಿಂದ ಲೋಕದಲ್ಲಿ ೧೨ ಲಕ್ಷ ೭೦ ಸಾವಿರ ಜನರು ಮಡಿದರೆಂದು ವಿದ್ವಾಂಸರು ಅಂದಾಜು ಮಾಡಿರುವರು. ಅರ್ಧಕ್ಕೆ ನಿಲ್ಲಿಸಿದ ಔಷಧವೂ, ಅಗತ್ಯವಿಲ್ಲದೆ ನುಂಗಿದ ಔಷಧವೂ ಈ ಕೇಡನ್ನು ಬೆಳಸುವುವು.

ಬೆಳ್ಳಿಗಾದರೂ ರೋಗಾಣುವು ಎಂದೆಂದಿಗೂ ಹೆದರುವುದೇ? ಇಲ್ಲ. ಅಮೆರಿಕದ ಬಾಸ್ಟನ್ ನಗರದ ಒಂದು ಆಸ್ಪತ್ರೆಯಲ್ಲಿ, ಸುಟ್ಟಗಾಯದವರ ವಿಭಾಗದಲ್ಲಿ, ಸಿಲ್ವರ್ ನೈಟ್ರೇಟಿಗೂ ಎರಡು ಪ್ರತಿಜೈವಿಕಗಳಿಗೂ ಬಗ್ಗದ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯವು ಕಾಣಿಸಿಕೊಂಡು ಮೂವರು ರೋಗಿಗಳನ್ನು ಬಲಿತೆಗೆದುಕೊಂಡಿತು. ಆ ಸಂಗತಿಯು ೧೯೭೫ರಲ್ಲಿ ಪ್ರಕಟವಾಯಿತು. ಬೆಳ್ಳಿಯನ್ನು ತಡೆಯುವ ಗುಣವೂ ಪ್ರತಿಜೈವಿಕವನ್ನು ತಡೆಯುವ ಗುಣವೂ ಆ ಬ್ಯಾಕ್ಟೀರಿಯದಲ್ಲಿ ಒಂದೇ ಗಂಟಿನಲ್ಲಿ ಕಟ್ಟಿಟ್ಟಂತೆ ಇದ್ದುವೆಂದು ಮುಂದೆ ತಿಳಿದುಬಂದಿತು.

ನ್ಯಾನೊ ಕಣಗಳಿಗೆ ರೋಗಾಣುವು ಮಾಡಿದ ಉಪಾಯವು ಇನ್ನೂ ವಿಚಿತ್ರವಾದುದು. ಇದನ್ನು ಚೆಕ್ ದೇಶದ ಓಲೊಮೌಟ್ಸ್ ನಗರದ ವಿಜ್ಞಾನಿಗಳು ೨೦೧೮ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯಗಳನ್ನು ಮತ್ತೆ ಮತ್ತೆ ಅಲ್ಪ ಪ್ರಮಾಣದ ಬೆಳ್ಳಿಯ ಕಣಗಳೊಡನೆ ಬೆಳಸಿದಾಗ, ಅವು ತಮ್ಮ ಚಾವಟಿಯಂತಹ ಬಾಲವನ್ನು ಕಟ್ಟುವ ಫ್ಲಾಜೆಲಿನ್ ಎಂಬ ಪ್ರೋಟೀನನ್ನು ಹೊರಕ್ಕೆ ಬಿಡತೊಡಗಿದುವು. ಆ ಪ್ರೋಟೀನು ಕಣಗಳನ್ನು ಒಂದಕ್ಕೊಂದು ಅಂಟಿಸಿ ಗಂಟುಗಂಟಾಗಿ ಮಾಡಿತು. ೬೦೦ ಚದರ ಮೀಟರಿನ ಲೆಕ್ಕವನ್ನು ವಾಚಕರು ನೆನೆಯಲಿ: ಕಣಗಳು ಗಂಟುಕಟ್ಟಿದರೆ ಮೈ ಕುಗ್ಗುವುದು, ಮೈ ಕುಗ್ಗಿದರೆ ಬಲವೂ ಕುಗ್ಗುವುದು. ಕಣಗಳಿಗೆ ಇನ್ನೂ ಗಟ್ಟಿಯಾದ ಹೊದಿಕೆಗಳನ್ನು ಹೊದಿಸಿ ನೋಡಿದರು, ಫಲವಾಗಲಿಲ್ಲ. ಕಡೆಗೆ ಯಾವುದರಿಂದ ಫಲವಾಯಿತು? ದಾಳಿಂಬೆಯ ಹಣ್ಣಿನ ಸಿಪ್ಪೆಯ ಸಾರದಿಂದ! ಅದು ಫ್ಲಾಜೆಲಿನ್ನಿನ ಉತ್ಪತ್ತಿಯನ್ನು ತಡೆದು, ಕಣಗಳ ಶಕ್ತಿಯನ್ನು ಬಹುಮಟ್ಟಿಗೆ ಉಳಿಸಿತು. ಹೊಟ್ಟೆ ಕೆಟ್ಟಾಗ ನಮ್ಮ ಅಜ್ಜಿಯರು ಕಷಾಯಕ್ಕೆ ಹಾಕುತ್ತಿದ್ದ ಸಿಪ್ಪೆಯಲ್ಲಿ ಇಂತಹ ಗುಣವಿರುವುದನ್ನು ಕಂಡು ನಾವು ಸಂತೋಷಪಡಬಹುದು. ಆದರೆ ಈ ಫಲವೂ ಪ್ರಯೋಗಶಾಲೆಯಲ್ಲಿ ಕಂಡುದೇ ಹೊರತು ರೋಗಿಯ ಹಾಸಿಗೆಯ ಬಳಿಯಲ್ಲಿ ಅಲ್ಲ ಎಂಬುದನ್ನು ಮರೆಯಲಾಗದು.

೬. ತಟ್ಟೆಯಿಂದ ಹಾಸಿಗೆಯವರೆಗೆ

ಫಿನಾಯಿಲಿನಲ್ಲಿ ನೆನೆಸಿದ ಬಿಲ್ಲೆಯನ್ನಿಟ್ಟರೂ ತಟ್ಟೆಯಲ್ಲಿ ಉಂಗುರವು ಮೂಡುವುದು. ಅಷ್ಟರಿಂದ ಯಾರಾದರೂ ಅದನ್ನು ಮಗುವಿಗೆ ಕುಡಿಸುವರೇ? ರೋಗಾಣುವನ್ನು ಕೊಂದು ರೋಗಿಯನ್ನು ಉಳಿಸುವ ವಸ್ತುವೇ ಔಷಧ. ಬೆಳ್ಳಿಯ ಕಣಗಳನ್ನು ತುಂಬಿದ ನೀರನ್ನು ಸರ್ವರೋಗನಿವಾರಕವೆಂದು ಮಾರುವವರೂ ಕುಡಿಯುವವರೂ ಲೋಕದಲ್ಲಿದ್ದಾರೆ. ಬಹುಕಾಲ ಅದನ್ನು ಕುಡಿದವರಲ್ಲಿ ಕೆಲವರ ಮುಖವೂ ಕೈಗಳೂ ನೀಲಿ ಬೂದಿಯ ಬಣ್ಣಕ್ಕೆ ತಿರುಗಿರುವುವು. ಇದಕ್ಕೆ ಅರ್ಜಿರಿಯ ಎಂದು ಹೆಸರು. ಬೆರಳಿನ ಕಲೆಯು ಮೇಲಣ ಚರ್ಮದೊಡನೆ ಸವೆದುಹೋಗುವುದು. ಈ ಕಲೆಯಾದರೋ ಚರ್ಮದ ಒಳಪದರದಲ್ಲಿ ನೆಲಸಿ ಸಾಮಾನ್ಯವಾಗಿ ಜೀವಮಾನಪರ್ಯಂತ ಉಳಿಯುವುದು. ಅಂಗಡಿಯಲ್ಲಿ ಮಾರುವ ಇಂತಹ ಬೆಳ್ಳಿಯ ಔಷಧಗಳನ್ನು ಸುರಕ್ಷಿತವೆಂದಾಗಲಿ ಫಲಕಾರಿಯೆಂದಾಗಲಿ ಒಪ್ಪಲಾಗದೆಂದು ಅಮೆರಿಕದ ಸರಕಾರದ ಔಷಧ ಇಲಾಖೆಯು ೧೯೯೯ರಲ್ಲಿ ನಿರ್ಣಯಿಸಿತು.

ಹಾಗಾದರೆ ಎಲೆಯೊಂದು ಪೂರ್ತಿ ದಾರಿಯನ್ನು ನಡೆದು ಔಷಧವಾದುದುಂಟೇ? ಉಂಟು, ಮತ್ತು ಆ ದಾರಿಯಲ್ಲಿ ನಡಸಿದವರು ಒಬ್ಬ ಮಹಿಳೆ. ಚೀನಾ ದೇಶದ ಟು ಯೂಯೂ ಎಂಬವರು ೧೯೬೯ರಿಂದ ಮಲೇರಿಯ ಜ್ವರಕ್ಕೆ ಮದ್ದನ್ನು ಹುಡುಕತೊಡಗಿದರು. ನಮ್ಮ ದವನದ ಕುಲಕ್ಕೇ ಸೇರಿದ ಒಂದು ಗಿಡದ ಸಾರವು ಮೊದಲು ಭರವಸೆಯನ್ನು ತೋರಿಸಿ, ಮರುಪರೀಕ್ಷೆಯಲ್ಲಿ ಕೈಕೊಟ್ಟಿತು. ಆಗ ಅವರು ನಾಲ್ಕನೆಯ ಶತಮಾನದ ವೈದ್ಯಗ್ರಂಥವೊಂದನ್ನು ಮತ್ತೆ ಓದಿದರು. ಅದರಲ್ಲಿ ಗಿಡವನ್ನು ಕುದಿಸಬೇಕೆಂದು ಹೇಳಿರಲಿಲ್ಲ. ನೀರಿನಲ್ಲಿ ನೆನೆಸಿ ಹಿಂಡಬೇಕೆಂದು ಹೇಳಿದ್ದಿತು. ಕುದಿಸುವುದರಿಂದಲೇ ಗುಣವು ಕೆಡುತ್ತಿರಬಹುದೆಂದು ಊಹಿಸಿ, ಅಲ್ಪ ಶಾಖದಲ್ಲಿಯೇ ಕುದಿಯುವ ಈಥರಿನಿಂದ ಸಾರವನ್ನು ತೆಗೆದರು. ೧೯೧ನೆಯ ಮಾದರಿಯು ೧೯೭೧ರ ಅಕ್ಟೋಬರಿನಲ್ಲಿ ಇಲಿಗಳ ಮಲೇರಿಯವನ್ನು ಪೂರ್ಣವಾಗಿ ಅಡಗಿಸಿತು. ಮರುವರ್ಷ, ರೋಗಿಗಳಿಗೆ ಕೊಡುವುದಕ್ಕೆ ಮುಂಚೆ, ಅವರೂ ಸಹೋದ್ಯೋಗಿಗಳೂ ಅದನ್ನು ತಾವೇ ಸೇವಿಸಿ ಅದರಿಂದ ಅಪಾಯವಿಲ್ಲವೆಂಬುದನ್ನು ನೋಡಿಕೊಂಡರು. ಆರ್ಟಿಮಿಸಿನಿನ್ ಎಂಬ ಆ ಔಷಧವು ಲಕ್ಷಾಂತರ ಪ್ರಾಣಗಳನ್ನು ಉಳಿಸಿದೆ. ಟು ಅವರಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ೧೯೦ ಮಾದರಿಗಳವರೆಗಿನ ತಾಳ್ಮೆಯು ೧೯೧ನೆಯದಕ್ಕೆ ದಾರಿಯಾಯಿತೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು.

ಉಪಸಂಹಾರ

ಯೆಹೂದದ ಅರಸನಾದ ಹಿಜ್ಕೀಯನ ಹುಣ್ಣಿಗೆ ಅಂಜೂರದ ಹಣ್ಣನ್ನು ಕಟ್ಟಿದ ವೃತ್ತಾಂತವನ್ನು ನಾವು ಬಾಲ್ಯದಿಂದಲೇ ಓದಿರುವೆವು. ಗಿಡಮೂಲಿಕೆಗಳಲ್ಲಿ ಸೃಷ್ಟಿಕರ್ತನು ಗುಣಗಳನ್ನಿಟ್ಟಿರುವನೆಂಬ ನಂಬಿಕೆಯು ನಮಗೆ ಹೊಸದಲ್ಲ. ಅದೇ ಪವಿತ್ರ ಗ್ರಂಥದಲ್ಲಿ, ಪೌಲನು ಥೆಸಲೋನಿಕದ ಸಭೆಗೆ ಬರೆದ ಪತ್ರಿಕೆಯಲ್ಲಿ, ಪರಿಶೋಧನೆಯ ವಿಷಯವಾಗಿ ಕೊಟ್ಟಿರುವ ಬುದ್ಧಿವಾದವೂ ಉಂಟು. ಈ ಎರಡನ್ನೂ ಕೂಡಿಸಿಕೊಂಡವರಿಗೆ ಬೇವಿನಲ್ಲಿ ಭಕ್ತಿಯೂ ಇರುವುದು, ಬೇವಿನ ಹೆಸರಿನಲ್ಲಿ ಮಾರುವುದೆಲ್ಲವನ್ನೂ ಕೊಳ್ಳದಿರುವ ವಿವೇಕವೂ ಇರುವುದು.

ಆದುದರಿಂದ ತಾಯಂದಿರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಔಷಧಕ್ಕೆ ನ್ಯಾನೊ ಎಂಬ ಹೆಸರಿದ್ದ ಮಾತ್ರಕ್ಕೆ ಅದನ್ನು ನಂಬಬೇಡಿರಿ. ಗಿಡದಿಂದ ಬಂದುದೆಂಬ ಮಾತ್ರಕ್ಕೆ ಅದು ನಿರಪಾಯವೆಂದೂ ತಿಳಿಯಬೇಡಿರಿ. ತಟ್ಟೆಯಲ್ಲಿ ಪರೀಕ್ಷಿಸಿದುದೇ, ಮನುಷ್ಯರಲ್ಲಿ ಪರೀಕ್ಷಿಸಿದುದೇ ಎಂದು ವೈದ್ಯರನ್ನು ಕೇಳಿರಿ. ವೈದ್ಯರು ಕೊಟ್ಟ ಪ್ರತಿಜೈವಿಕವನ್ನು ಅವರು ಹೇಳಿದಷ್ಟು ದಿವಸ ತಪ್ಪದೆ ಕೊಡಿರಿ. ಉಳಿದುದನ್ನು ನೆರೆಮನೆಯ ಮಗುವಿಗೆ ಕೊಡಬೇಡಿರಿ. ಮತ್ತು ನಿಮ್ಮ ಮಗಳು ಬೆರಳಿನಲ್ಲಿ ಕರಿಯ ಕಲೆಯನ್ನು ಹೊತ್ತು ಮನೆಗೆ ಬಂದರೆ ಗದರಿಸಬೇಡಿರಿ. ಅದು ಹೇಗೆ ಆಯಿತೆಂದು ವಿವರಿಸುವಂತೆ ಅವಳನ್ನೇ ಕೇಳಿರಿ. ಆ ವಿವರಣೆಯನ್ನು ಸರಿಯಾಗಿ ಹೇಳಬಲ್ಲ ಹುಡುಗಿಯು ಮುಂದೆ ಯಾವ ಎಲೆಯಿಂದ ಯಾವ ರೋಗಕ್ಕೆ ಮದ್ದನ್ನು ತರುವಳೋ, ಅದನ್ನು ಈಗಲೇ ಬಲ್ಲವರಾರು?